ಗಿರಿಜತ್ತೆಯ ತೂಕಕ್ಕೆ ಬಗ್ಗಿಸಿದ ಪಟ್ಟಾ

ಕೆಟ್ಟ ಹೆಸರು ಬಂದರೆ ಒಂದು ಅನುಕೂಲವಿದೆ. ಎದುರಿಗೆ ನಿಂತು ಜಗಳವಾಡಬಹುದು, ಸಾಕ್ಷಿಗಳನ್ನು ಕರೆತರಬಹುದು, ಏನೂ ಸಾಗದಿದ್ದರೆ ಊರಿನವರಿಗೇ ಬುದ್ಧಿಯಿಲ್ಲ ಎಂದುಕೊಂಡು ಒಳಗೆ ಹೋಗಿ ಮಲಗಬಹುದು. ಒಳ್ಳೆಯ ಹೆಸರು ಬಂದುಬಿಟ್ಟರೆ ಇದಾವುದಕ್ಕೂ ದಾರಿಯಿಲ್ಲ. 'ಇಲ್ಲಪ್ಪ, ನಾನು ಅಷ್ಟೇನೂ ಒಳ್ಳೆಯವನಲ್ಲ' ಎಂದರೆ 'ನೋಡಿ, ಎಷ್ಟು ವಿನಯ!' ಎಂದು ಅದರ ಮೇಲೆ ಇನ್ನೊಂದು ಹಿಡಿ ಸೇರಿಸುತ್ತಾರೆ. ಅಜ್ಜಂಪುರದಲ್ಲಿ ನನಗೆ ಅಂಥದೊಂದು ಹೆಸರಿದೆ. ಮದುವೆ ಮನೆಯ ಪಂಕ್ತಿಯಲ್ಲಿ ನನ್ನನ್ನು ತೋರಿಸಿ, "ಸೋದರತ್ತೇನ ನೋಡ್ಕಂಡ್ರೆ ಇವರ ಥರ ನೋಡ್ಕಬೇಕು ಕಣ್ರೀ" ಎಂದು ಹಿರಿಯರು ಕಿರಿಯರಿಗೆ ಹೇಳುತ್ತಾರೆ. ನಾನು ತಲೆ ತಗ್ಗಿಸಿ ಪಾಯಸ ಕುಡಿಯುತ್ತಿರುತ್ತೇನೆ. ಪಕ್ಕದಲ್ಲಿ ಕೂತ ನನ್ನ ಹೆಂಡತಿ ಸರ್ವಮಂಗಳ ಮಾತ್ರ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಾಳೆ. ಏಕೆಂದರೆ ಆ ಹೆಸರಿನ ಹಿಂದೆ ಇರುವುದು ನನ್ನ ದೊಡ್ಡ ಮನಸ್ಸಲ್ಲ, ಒಂದು ಹಳೆಯ ಕಾರಿನ ಹಿಂದಿನ ಸ್ಪ್ರಿಂಗು ಎಂಬುದು ಅವಳಿಗೆ ಗೊತ್ತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮದು ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಈರುಳ್ಳಿ ಬೆಲ್ಲದ ಮಂಡಿ, ಹಿಂದುಗಡೆಯೇ ಮನೆ. ಅಪ್ಪ ತೀರಿಕೊಂಡ ಮೇಲೆ ಮಂಡಿ, ಅಪ್ಪನ ಕಾರು, ಅಪ್ಪನ ಅಕ್ಕ ಗಿರಿಜತ್ತೆ ಮೂರೂ ನನ್ನ ಪಾಲಿಗೆ ಬಂದವು. ಮೂರರಲ್ಲಿ ಮಂಡಿ ಒಂದೇ ಸ್ವಲ್ಪ ಮಟ್ಟಿಗೆ ನನ್ನ ಮಾತು ಕೇಳುತ್ತಿತ್ತು. ಕಾರು ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ವಯಸ್ಸಿನಲ್ಲಿ ನನಗಿಂತ ಹಿರಿಯದು. ತೋಟ ಮಾರಿ ಹೋಗುತ್ತಿದ್ದ ಯಾರೋ ಕಾಫಿ ಪ್ಲಾಂಟರಿಂದ ಅಪ್ಪ ಕೊಂಡಿದ್ದರು. ಅಪ್ಪನ ಕಾಲದಲ್ಲಿ ಅದಕ್ಕೆ ಡ್ರೈವರಿದ್ದ, ಮೆಕ್ಯಾನಿಕ್ಕಿದ್ದ. ನನ್ನ ಕಾಲಕ್ಕೆ ಇಬ್ಬರ ಕೆಲಸವನ್ನೂ ನಾನೇ ವಹಿಸಿಕೊಂಡೆ. ಅದಕ್ಕೆ ನನ್ನಲ್ಲಿ ಯೋಗ್ಯತೆಯೂ ಇತ್ತು. ಪಾಲಿಟೆಕ್ನಿಕ್ಕಿನಲ್ಲಿ ಒಂದು ವರ್ಷ ಓದಿದ್ದೆ. ಎರಡನೆಯ ವರ್ಷ ಅಪ್ಪ ಮಂಡಿಗೆ ಕರೆಸಿಕೊಂಡರು ಎಂದು ನಾನು ಹೇಳುತ್ತೇನೆ. ಮೊದಲನೆಯ ವರ್ಷದ ಪರೀಕ್ಷೆಯಲ್ಲಿ ಏನಾಯಿತು ಎಂದು ಸರ್ವಮಂಗಳ ಕೇಳುತ್ತಾಳೆ. ಏನೇ ಇರಲಿ, ಅಲ್ಲಿಂದ ತಂದ ಮೋಟಾರು ವಿದ್ಯೆಯ ದಪ್ಪ ಪುಸ್ತಕವೊಂದು ನನ್ನಲ್ಲಿತ್ತು, ಮತ್ತು ಅದರ ಮೊದಲರ್ಧ ನನಗೆ ಚೆನ್ನಾಗಿ ಗೊತ್ತಿತ್ತು.

ಗಿರಿಜತ್ತೆಯ ಬಗ್ಗೆ ಹೇಳಬೇಕು. ಗಂಡ ಹೋದ ಮೇಲೆ ತವರಿಗೆ ಬಂದು ನೆಲೆಸಿದವಳು. ಒಬ್ಬಳೇ ಮಗಳನ್ನು ಕಡೂರಿಗೆ ಕೊಟ್ಟಿತ್ತು. ಅತ್ತೆ ಎತ್ತರದಲ್ಲೂ ಸುತ್ತಳತೆಯಲ್ಲೂ ಧಾರಾಳವಾಗಿದ್ದಳು. ಮಾತಿನಲ್ಲಿ ಇನ್ನೂ ಧಾರಾಳ. ಬೆಳಿಗ್ಗೆ ಸ್ನಾನ ಮಾಡಿ, ಹಣೆಯ ತುಂಬ ವಿಭೂತಿ ಬಳಿದುಕೊಂಡು ಜಗಲಿಯ ಮೇಲೆ ಕೂತಳೆಂದರೆ ಮಂಡಿಗೆ ಬರುವ ಗಾಡಿಯವರು ಕೂಡ ಬೀಡಿ ಆರಿಸುತ್ತಿದ್ದರು. ಸಿಟ್ಟು ಬಂದಾಗಲೆಲ್ಲ "ಈ ಮನೇಲಿ ನಂದೊಂದು ಬಾಕಿ ಐತೆ, ಯಾರಿಗೂ ಜ್ಞಾಪಕ ಇಲ್ಲ" ಎನ್ನುವುದು ಅವಳ ಅಭ್ಯಾಸ. ಅದು ಆಸ್ತಿಯ ಪಾಲಿನ ಮಾತು ಎಂದು ತಿಳಿದು ಅಪ್ಪ ಕಿವುಡರಾಗುತ್ತಿದ್ದರು. ಆ ಕಿವುಡು ನನಗೂ ವಂಶಪಾರಂಪರ್ಯವಾಗಿ ಬಂದಿತ್ತು.

ಒಂದು ಸಲ ಬುಕ್ಕಾಂಬುಧಿಯ ನೆಂಟರ ಮನೆಗೆ ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆ. ಕೆರೆ ಏರಿಯ ಮೇಲೆ ಹೋಗುವಾಗ ಚೆನ್ನಾಗಿ ನೀರು ತುಂಬಿತ್ತು, ಅತ್ತ ನೋಡಿದೆ. ಇತ್ತ ಹಿಂದಿನ ಚಕ್ರ ಗುಂಡಿಗೆ ಬಿತ್ತು. 'ಠಣ್' ಎಂದು ಒಂದು ಸದ್ದು, 'ಅಯ್ಯೋ ಶಿವನೇ' ಎಂದು ಇನ್ನೊಂದು ಸದ್ದು. ಮೊದಲನೆಯದು ಸ್ಪ್ರಿಂಗಿನ ಪಟ್ಟಾ ಮುರಿದದ್ದು, ಎರಡನೆಯದು ಅತ್ತೆಯ ಸೊಂಟ ಹಿಡಿದದ್ದು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಈ ಹಳೆಯ ಕಾರುಗಳಿಗೆ ಕೆಳಗೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು, ಅಂದರೆ ಪಟ್ಟಾಗಳನ್ನು, ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ. ಗಾಡಿಯ ಭಾರವನ್ನೂ ಒಳಗೆ ಕೂತವರ ಮಾನವನ್ನೂ ಕಾಪಾಡುವುದು ಅವೇ. ತರೀಕೆರೆಯ ಡಾಕ್ಟರು ಅತ್ತೆಯನ್ನು ನೋಡಿ, ಮಾತ್ರೆ ಬರೆದು, "ಬಸ್ಸು ಹತ್ತಬೇಡಿ. ಆ ಕಾರಂತೂ ಬೇಡವೇ ಬೇಡ" ಎಂದರು. ಕಾರನ್ನು ಅವರು ನೋಡಿಯೂ ಇರಲಿಲ್ಲ. ಆದರೂ ಹಾಗೆ ಹೇಳಿದ್ದು ನನ್ನ ಮನಸ್ಸಿಗೆ ನಾಟಿತು.

ಆ ಹೊತ್ತಿಗೇ ಕಡೂರಿನಿಂದ ಸುದ್ದಿ ಬಂತು. ಮದುವೆಯಾಗಿ ಬಹಳ ವರ್ಷ ಕಾಯ್ದು ಎಲ್ಲರೂ ಆಸೆ ಬಿಟ್ಟ ಮೇಲೆ ಅತ್ತೆಯ ಮಗಳಿಗೆ ಹೆಣ್ಣು ಮಗುವಾಗಿತ್ತು. ತೊಟ್ಟಿಲಿಗೆ ಹಾಕುವ ದಿನವೂ ಗೊತ್ತಾಯಿತು. ಅತ್ತೆ ಹೋಗಲೇಬೇಕು, ಹೋಗುವುದು ಹೇಗೆ? ರೈಲಿದೆಯಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೇ ಹೇಳಿ, ಮೆಟ್ಟಿಲು ಎತ್ತರವಾದರೆ ನಮ್ಮ ಹಮಾಲರೇ ಎತ್ತಿ ಹತ್ತಿಸುತ್ತಾರೆ ಎಂದು ಸೇರಿಸಿದೆ. "ನಾನೇನು ಈರುಳ್ಳಿ ಮೂಟೇನೇನೋ?" ಎಂದು ಅತ್ತೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಜಗಲಿಯಲ್ಲಿ ಒಬ್ಬಳೇ ಕೂತು ಮಗುವಿಗೆ ಹೊಲಿದ ಕುಲಾವಿಯನ್ನು ತನ್ನ ಮೊಣಕಾಲಿಗೆ ಹಾಕಿ ನೋಡುತ್ತಿದ್ದಳು. ಸೊಂಟ ಮುರಿದವನು ನಾನು, ಕಡೂರಿಗೆ ಮುಟ್ಟಿಸುವವನೂ ನಾನೇ ಆಗಬೇಕು ಎಂದು ನಿಶ್ಚಯಿಸಿ, ಕಾರಿನ ಸಸ್ಪೆನ್ಷನ್ನನ್ನು ಮನೆಯಲ್ಲೇ ಪೂರ್ತಿ ರಿಪೇರಿ ಮಾಡುವುದಾಗಿ ಸಾರಿದೆ. "ಶಿವಮೊಗ್ಗಕ್ಕೆ ಕಳಿಸಬಾರ್ದೇನ್ರೀ?" ಎಂದಳು ಸರ್ವಮಂಗಳ. ಒಂದು ವರ್ಷ ಪಾಲಿಟೆಕ್ನಿಕ್ ಓದಿದವನ ಮುಂದೆ ಆಡುವ ಮಾತಲ್ಲ ಅದು.

ಬಿಚ್ಚುವುದು ಸುಲಭ. ಜಗತ್ತಿನಲ್ಲಿ ಯಾವುದನ್ನಾದರೂ ಬಿಚ್ಚುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಕಾರಿನ ಹಿಂಭಾಗವನ್ನು ಜಾಕಿಯಿಂದ ಎತ್ತಿ, ರುಬ್ಬುವ ಕಲ್ಲಿನ ಹಾಗಿದ್ದ ಎರಡು ದಿಂಡುಗಲ್ಲುಗಳ ಮೇಲೆ ಕೂರಿಸಿದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಹಾಕಿದೆ, ಬೈದೆ, ಮತ್ತೆ ಸೀಮೆಎಣ್ಣೆ ಹಾಕಿದೆ. ಪಟ್ಟಾಗಳು ಒಂದೊಂದಾಗಿ ಕಳಚಿದವು. ಎಡಗಡೆಯವನ್ನು ಎಡಕ್ಕೆ, ಬಲಗಡೆಯವನ್ನು ಬಲಕ್ಕೆ, ಉದ್ದದಿಂದ ಗಿಡ್ಡಕ್ಕೆ ಅಂಗಳದಲ್ಲಿ ಸಾಲಾಗಿ ಜೋಡಿಸಿ, ಪುಸ್ತಕದಲ್ಲಿದ್ದ ಚಿತ್ರಕ್ಕೆ ಹೋಲಿಸಿ, ಹೆಮ್ಮೆಯಿಂದ ಊಟಕ್ಕೆ ಹೋದೆ. ಬರುವ ಹೊತ್ತಿಗೆ ಸರ್ವಮಂಗಳ ಹಪ್ಪಳ ಒಣಗಿಸಲು ಜಾಗ ಬೇಕೆಂದು ಅಷ್ಟನ್ನೂ ಒಂದೇ ಗುಡ್ಡೆ ಮಾಡಿದ್ದಳು. ಜೊತೆಗೆ ಹಪ್ಪಳ ಹಾರದಿರಲೆಂದು ಸೀರೆಯ ನಾಲ್ಕು ಮೂಲೆಗೆ ಗಿಡ್ಡ ಪಟ್ಟಾಗಳನ್ನು ಹೇರಿದ್ದಳು. "ಕಬ್ಬಿಣಕ್ಕೆ ಎಡ ಬಲ ಇರತ್ತಾ?" ಎಂದು ಅವಳು ಕೇಳಿದ ಪ್ರಶ್ನೆಗೆ ನನ್ನ ಪುಸ್ತಕದ ಮೊದಲರ್ಧದಲ್ಲಿ ಉತ್ತರವಿರಲಿಲ್ಲ.

ಮುರಿದ ಪಟ್ಟಾಗೆ ಬದಲಿ ಮಾಡಿಸಿ, ಉಳಿದವು ಚಪ್ಪಟೆಯಾಗಿದ್ದರಿಂದ ಅವಕ್ಕೆ ಮತ್ತೆ ಬಾಗು ಕೊಡಿಸಬೇಕಿತ್ತು. ಕುಲುಮೆಯ ರುದ್ರಾಚಾರಿಯ ಬಳಿ ಹೋದೆ. ಎತ್ತಿನ ಗಾಡಿಗೆ ಹಳಿ ಕಟ್ಟುವುದರಲ್ಲಿ ಸುತ್ತ ಹೆಸರು ಮಾಡಿದವನು. ಕಾರನ್ನು ಮುಟ್ಟಿದವನಲ್ಲ, ಆದರೆ ಧೈರ್ಯದಲ್ಲಿ ನನ್ನ ಅಣ್ಣ. "ಮುಂದೆ ಎತ್ತು ಇದ್ರೇನು, ಎಂಜಿನ್ನು ಇದ್ರೇನು ಸ್ವಾಮಿ? ಹಿಂದೆ ಕೂರೋದು ಅದೇ ಜನ ತಾನೆ?" ಎಂದ. ಪಟ್ಟಾಗಳನ್ನು ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಎಷ್ಟು ಭಾರ ಹೊರಬೇಕು, ಅದು ಹೇಳ್ರಿ. ಅಷ್ಟಕ್ಕೆ ಸರಿಯಾಗಿ ಬಗ್ಗಿಸಿ ಕೊಡ್ತೀನಿ. ಸುಮ್ನೆ ಅಂದಾಜಿನ ಕೆಲಸ ನಾನು ಮಾಡಲ್ಲ" ಎಂದ. ಪುಸ್ತಕದಲ್ಲೂ ಇದೇ ಮಾತಿತ್ತು. ಸ್ಪ್ರಿಂಗು ಮಾಡುವ ಮೊದಲು ಹೊರುವ ಭಾರ ತಿಳಿದಿರಬೇಕು. ಪುಸ್ತಕ ಮತ್ತು ಕುಲುಮೆ ಒಂದೇ ಮಾತು ಹೇಳಿದ ಮೇಲೆ ನಾನು ತಡಮಾಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂರುವವಳು ಅತ್ತೆ. ಅತ್ತೆಯನ್ನು ತೂಗಬೇಕು.

ಮಂಡಿಯಲ್ಲಿ ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿಯಿತ್ತು. ಎರಡು ಕಡೆ ಸರಪಳಿ, ಸರಪಳಿಗೆ ಹಲಗೆ. ಆದರೆ ಕಬ್ಬಿಣದ ತೂಕದ ಕಲ್ಲುಗಳೆಲ್ಲ ಸರ್ಕಾರಿ ಮುದ್ರೆ ಹಾಕಿಸಲು ತರೀಕೆರೆಗೆ ಹೋಗಿದ್ದವು. ಅದಕ್ಕೇನು, ತೂಗಿ ಇಟ್ಟ ಬೆಲ್ಲದ ಪಿಂಡಿಗಳಿದ್ದವಲ್ಲ, ಲೆಕ್ಕಕ್ಕೆ ಸುಲಭ. ಅವತ್ತು ಸೋಮವಾರ ಎಂಬುದು ನನ್ನ ಗಮನದಲ್ಲಿರಲಿಲ್ಲ. ಹಲಗೆಯ ಮೇಲೆ ಈರುಳ್ಳಿ ಸಿಪ್ಪೆ ಇತ್ತೆಂದು ಗುಡಿಸಿ, ಒಗೆದ ಬಿಳಿ ಪಂಚೆಯನ್ನು ಮಡಿಸಿ ಹಾಸಿದೆ. ಸೊಂಟಕ್ಕೆ ಹಿತವಾಗಲೆಂದು ಅದರ ಮೇಲೊಂದು ಮಣೆ ಇಟ್ಟೆ. ಆಗತಾನೆ ಪೂಜೆ ಮುಗಿಸಿ ಬಂದ ಅತ್ತೆಯನ್ನು ಕೈಹಿಡಿದು ನಡೆಸಿಕೊಂಡು ಬಂದು, "ಇಲ್ಲಿ ಸ್ವಲ್ಪ ಕೂತ್ಕೋ ಅತ್ತೆ" ಎಂದೆ. "ಯಾಕೋ?" ಎಂದಳು. ಹೆಂಗಸರ ತೂಕದ ವಿಷಯ, ಹೇಗೆ ಹೇಳುವುದು? "ಸುಮ್ನೆ ಕೂತ್ಕೋ, ಆಮೇಲೆ ಹೇಳ್ತೀನಿ" ಎಂದೆ. ಅತ್ತೆ ಕೂತಳು. ಇಬ್ಬರು ಹಮಾಲರು ಸರಪಳಿ ಹಿಡಿದರು. ನಾನು ಎದುರಿನ ಹಲಗೆಯ ಮೇಲೆ ಒಂದೊಂದೇ ಪಿಂಡಿ ಬೆಲ್ಲ ಇಡತೊಡಗಿದೆ.

ಈಗ ಬರೆಯುವಾಗ ನನಗೇ ಕಾಣಿಸುತ್ತದೆ: ಸೋಮವಾರ, ಮಡಿ ವಸ್ತ್ರ, ಮಣೆ, ವಿಭೂತಿ ಹಚ್ಚಿಕೊಂಡು ಕೂತ ಹಿರಿಯ ಹೆಂಗಸು, ಎದುರಿಗೆ ಬೆಲ್ಲ. ಇದಕ್ಕೆ ತುಲಾಭಾರ ಎನ್ನದೆ ಸ್ಪ್ರಿಂಗಿನ ಕೆಲಸ ಎನ್ನುವವರು ಮೂರೂ ಲೋಕದಲ್ಲಿ ಸಿಕ್ಕುವುದಿಲ್ಲ. ಆದರೆ ಅವತ್ತು ನನ್ನ ತಲೆಯಲ್ಲಿ ಎಡಗಡೆಯ ಪಟ್ಟಾ ಎಷ್ಟು ಬಾಗಬೇಕು ಎಂಬುದು ಬಿಟ್ಟರೆ ಬೇರೇನೂ ಇರಲಿಲ್ಲ. ಸೋಮವಾರದ ಭಿಕ್ಷೆಗೆ ಬಂದ ಜಂಗಮ ಅಯ್ಯನವರು ಬಾಗಿಲಲ್ಲೇ ನಿಂತು, ನೋಡಿ, ಜೋಳಿಗೆ ಕೆಳಗಿಟ್ಟು ಮಂತ್ರ ಶುರು ಮಾಡಿದರು. ನೆರೆಮನೆಯ ಪುಟ್ಟಮ್ಮ ಓಡಿ ಹೋಗಿ ಆರತಿ ತಟ್ಟೆ ತಂದರು. ಹಮಾಲರು ತಲೆಗೆ ಸುತ್ತಿದ್ದ ಟವೆಲು ತೆಗೆದರು. ನಾನು ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು, ಕೈಯಲ್ಲಿ ಬೆಲ್ಲ ಹಿಡಿದು ಕಣ್ಣು ಕಣ್ಣು ಬಿಟ್ಟೆ. "ಮಠದಲ್ಲಿ ಮಾಡ್ಬೇಕಿತ್ತು" ಎಂದರು ಅಯ್ಯನವರು, "ಇರ್ಲಿ, ಮನೇಲಿ ತೂಗಿ ಮಠಕ್ಕೆ ಮುಟ್ಟಿಸಿದ್ರೂ ನಡೀತದೆ." ತಕ್ಕಡಿಯ ಮುಳ್ಳು ನೆಟ್ಟಗಾಯಿತು. ಅತ್ತೆಯ ಕಡೆ ನೋಡಿದೆ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಪ್ಪ ಹೋದಾಗ ಕೂಡ ನಮ್ಮೆದುರು ಅತ್ತವಳಲ್ಲ ಅವಳು.

"ನಿಂಗೆ ಯಾರೋ ಹೇಳಿದ್ರು?" ಎಂದಳು. ನಾನು ಕಿವಿಯ ಮೇಲಿನ ಪೆನ್ಸಿಲನ್ನು ಮೆಲ್ಲಗೆ ಜೇಬಿಗಿಳಿಸಿದೆ. ಆಗ ಹೊರಬಿತ್ತು ಆ ಬಾಕಿಯ ಕಥೆ. ಅತ್ತೆ ಸಣ್ಣ ಹುಡುಗಿಯಾಗಿದ್ದಾಗ ಸನ್ನಿಜ್ವರ ಬಂದು ಬದುಕುವ ಹಾಗಿರಲಿಲ್ಲವಂತೆ. ಉಳಿದರೆ ಅವಳ ತೂಕದ ಬೆಲ್ಲವನ್ನು ಮಠಕ್ಕೆ ಕೊಡುತ್ತೇನೆಂದು ನಮ್ಮ ತಾತ ಹರಕೆ ಹೊತ್ತರು. ಉಳಿದಳು. ಆದರೆ ಜ್ವರದಿಂದ ಎದ್ದವಳು ಕಡ್ಡಿಯಾಗಿದ್ದಳು. ಇಷ್ಟೇ ಇಷ್ಟು ಬೆಲ್ಲ ಹೊತ್ತುಕೊಂಡು ಹೋದರೆ ಮಂಡಿ ಸಾಹುಕಾರರ ಮರ್ಯಾದೆ ಏನಾಗಬೇಕು, ಸ್ವಲ್ಪ ಮೈ ತುಂಬಲಿ ಎಂದು ತಾತ ಮುಂದಕ್ಕೆ ಹಾಕಿದರು. ಮೈ ತುಂಬುವಷ್ಟರಲ್ಲಿ ಮದುವೆಯಾಯಿತು. ಹೆಣ್ಣು ನಿಮ್ಮದಾಯಿತಲ್ಲ, ನೀವೇ ತೀರಿಸಿ ಎಂದು ತಾತನ ಕಡೆಯವರು. ಹರಕೆ ಹೊತ್ತವರು ನೀವು ಎಂದು ಗಂಡನ ಮನೆಯವರು. ಅಷ್ಟರಲ್ಲಿ ನಮ್ಮಪ್ಪನಿಗೆ ಎರಡು ಸಲ ತುಲಾಭಾರ ಮಾಡಿದ್ದರಂತೆ, ಒಮ್ಮೆ ಬರೀ ಕೆಮ್ಮಿಗೆ. "ನನ್ನ ಗಂಡ ಹೋದ್ರು. ಮಗಳಿಗೆ ಎಷ್ಟೋ ವರ್ಷ ಮಕ್ಕಳಾಗ್ಲಿಲ್ಲ. ಎಲ್ಲಾ ಇದೇ ಬಾಕಿ ಅಂತ ನಾನು ತಿಳ್ಕಂಡಿದ್ದೆ ಕಣೋ. ಮಗು ಮುಖ ನೋಡೋಕೂ ಭಯ ಆಗಿತ್ತು. ಬಾಕಿ ಇಟ್ಕಂಡು ಹೋಗಿ ತೊಟ್ಟಿಲು ಹೆಂಗೆ ಮುಟ್ಲಿ ಅಂತ" ಎಂದಳು. ಆಸ್ತಿಯ ಪಾಲೆಂದು ನಾವು ಅಪ್ಪ ಮಗ ಕಿವುಡರಾಗಿದ್ದದ್ದು ಇದಕ್ಕೆ! ನನಗೆ ನಾಚಿಕೆಯಾಯಿತು. ಹಮಾಲನೊಬ್ಬ ಕಣ್ಣೊರೆಸಿಕೊಂಡು, "ಬುದ್ಧೀ, ನೀವು ದೊಡ್ಡೋರು" ಎಂದ. ಇನ್ನೂ ನಾಚಿಕೆಯಾಯಿತು.

ಅಡುಗೆಮನೆಗೆ ಹೋಗಿ ಸರ್ವಮಂಗಳಳ ಮುಂದೆ ನಿಂತೆ. ತೂಗುವ ಉದ್ದೇಶವನ್ನು ಬೆಳಿಗ್ಗೆಯೇ ಅವಳಿಗೆ ಹೇಳಿದ್ದೆ. "ನಿಜ ಹೇಳಿಬಿಡ್ಲಾ?" ಎಂದು ಕೇಳಿದೆ. ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ತಿರುಗಿದಳು. "ಕಾರಿನ ಪಟ್ಟಾಗೆ ನಿನ್ನ ತೂಗ್ದೆ ಅಂತ ಅವರ ಹತ್ರ ಹೇಳಿದ್ರೆ ಅಷ್ಟೇ. ನಾನು ಇವತ್ತೇ ತವರಿಗೆ ಹೋಗ್ತೀನಿ. ಬಾಯಿ ಮುಚ್ಕಂಡು ಬೆಲ್ಲ ಮೂಟೆ ಕಟ್ಸಿ" ಎಂದಳು. ನನಗೂ ಅದೇ ಬೇಕಾಗಿತ್ತು.

ಅತ್ತೆ ಕೂಡಲೇ ವ್ಯವಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡಳು. ನಮ್ಮ ಮನೆತನದ ಮಠ ಕಡೂರಿನ ದಾರಿಯಲ್ಲೇ ಸ್ವಲ್ಪ ಒಳಗೆ ಇತ್ತು. ತೊಟ್ಟಿಲ ದಿನ ಬೆಳಿಗ್ಗೆ ಹೊರಟು, ಮೊದಲು ಮಠಕ್ಕೆ ಬೆಲ್ಲ ಒಪ್ಪಿಸಿ, ಆಮೇಲೆ ಮಗುವನ್ನು ನೋಡುವುದು. ಎರಡು ದಿನ ಬಿಟ್ಟು ಮೂಟೆ ಕಟ್ಟಿಸುವಾಗ, "ಬೆಲ್ಲ ಗಾಡೀಲಿ ಮುಂಚೆ ಕಳಿಸ್ತೀನಿ ಅತ್ತೆ" ಎಂದೆ. "ನನ್ನ ಹರಕೆ ನನ್ನ ಜೊತೇನೇ ಬರಬೇಕು" ಎಂದಳು. ತೂಗಿದ ದಿನವೇ ರುದ್ರಾಚಾರಿಗೆ ನಾನು ಹೇಳಿ ಕಳಿಸಿದ್ದು ಒಬ್ಬ ಅತ್ತೆಯ ತೂಕ. ಈಗ ಹಿಂದಿನ ಸೀಟಿಗೆ ಇಬ್ಬರು ಅತ್ತೆಯರಾದರು. ಕುಲುಮೆಗೆ ಓಡಿದೆ. ಪಟ್ಟಾಗಳು ಆಗಲೇ ಬಾಗು ಪಡೆದು, ಹೊಂಗೆ ಎಣ್ಣೆಯಲ್ಲಿ ಅದ್ದಿಸಿಕೊಂಡು, ಕಮಟು ವಾಸನೆ ಬೀರುತ್ತ ಕೂತಿದ್ದವು. "ಏನೂ ಯೋಚ್ನೆ ಮಾಡ್ಬೇಡಿ" ಎಂದ ರುದ್ರಾಚಾರಿ. "ನೀವು ತೂಕ ಹೇಳಿ ಕಳಿಸಿದಾಗ್ಲೇ ನಂಗೆ ಗಾಬರಿ ಆಯ್ತು. ಇರ್ಲಿ ಅಂತ ಎರಡೂ ಕಡೆ ಪಟ್ಟಾ ಜಾಸ್ತಿನೇ ಹಾಕಿದೀನಿ." ಅಂದಾಜಿನ ಕೆಲಸ ಮಾಡದವನು ಗಾಬರಿಯ ಕೆಲಸ ಮಾಡಿದ್ದ. ಅತ್ತೆಯ ತೂಕ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಅವಳು ಈಗ ಇಲ್ಲ, ಆದರೂ ನನಗೆ ಧೈರ್ಯ ಸಾಲದು.

ಪಟ್ಟಾಗಳನ್ನು ಕಟ್ಟಿ ಕಾರನ್ನು ಕಲ್ಲಿನಿಂದ ಇಳಿಸಿದಾಗ ಅದರ ಹಿಂಭಾಗ ಆಕಾಶಕ್ಕೆ ಎದ್ದು ನಿಂತಿತ್ತು. ಊರಿನವರು ಬಂದು ನೋಡಿಕೊಂಡು ಹೋದರು. ಆದರೆ ಹೊರಡುವ ದಿನ ಬೆಲ್ಲದ ಮೂಟೆಗಳನ್ನು ಸ್ವಲ್ಪ ಡಿಕ್ಕಿಯಲ್ಲೂ ಉಳಿದದ್ದು ಹಿಂದಿನ ಸೀಟಿನಲ್ಲೂ ಇಟ್ಟು, ಅದರ ಪಕ್ಕದಲ್ಲಿ ಅತ್ತೆಯನ್ನು ಕೂರಿಸಿದ್ದೇ ತಡ, ಕಾರು ನಿಧಾನವಾಗಿ ಇಳಿದು ಮಟ್ಟಸವಾಗಿ ನಿಂತಿತು. ಸರ್ವಮಂಗಳ ಮುಂದೆ ಕೂತಳು. ಹೊರಟೆವು. ನಾನು ಹೆಮ್ಮೆಯಿಂದ ಹೇಳುತ್ತೇನೆ, ಆ ಕಾರು ಇಂಗ್ಲೆಂಡಿನಲ್ಲಿ ಕೂಡ ಹಾಗೆ ಓಡಿರಲಾರದು. ಗುಂಡಿ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಬೀರೂರು ದಾಟುವ ಹೊತ್ತಿಗೆ ಅತ್ತೆ ಬೆಲ್ಲದ ಮೂಟೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. "ನೋಡಿದ್ಯಾ?" ಎಂದೆ ಹೆಂಡತಿಗೆ. "ನೋಡ್ದೆ" ಎಂದಳು, ಮೊದಲ ಸಲ ನನ್ನ ಪಾಲಿಟೆಕ್ನಿಕ್ಕಿನ ಬಗ್ಗೆ ಮರ್ಯಾದೆಯಿಂದ.

ಮಠದಲ್ಲಿ ಸ್ವಾಮಿಗಳು ಎಲ್ಲವನ್ನೂ ಕೇಳಿದರು. "ಹೆತ್ತೋರು ಮರೆತದ್ದನ್ನ ತಮ್ಮನ ಮಗ ನೆನಪಿಟ್ಟ" ಎಂದು ಕೂತಿದ್ದವರೆಲ್ಲರಿಗೂ ಹೇಳಿ ನನಗೆ ಶಾಲು ಹೊದಿಸಿದರು. ಶಾಲಿನೊಳಗೆ ನಾನು ಬೆವೆತೆ. ಅತ್ತೆ ಬೆಲ್ಲದ ಮೂಟೆಗಳನ್ನು ಒಂದೊಂದಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕೈ ತೆಗೆದು, "ನಡಿಯೋ, ಮಗು ನೋಡಣ" ಎಂದಳು.

ಬೆಲ್ಲ ಇಳಿಸಿದ ಕಾರು ಮತ್ತೆ ಬಾಲ ಎತ್ತಿ ನಿಂತಿತ್ತು. ಕಡೂರಿನ ಕಡೆಗೆ ತಿರುಗಿ ಎರಡು ಮಾರು ಹೋಗಿರಲಿಲ್ಲ, ಒಂದು ಸಣ್ಣ ಕಲ್ಲಿನ ಮೇಲೆ ಚಕ್ರ ಹತ್ತಿತು. ಹಿಂದಿನಿಂದ ಧಡ್ ಎಂದು ಸದ್ದಾಯಿತು. ಕನ್ನಡಿಯಲ್ಲಿ ನೋಡಿದೆ, ಅತ್ತೆ ಸೀಟಿನಿಂದ ಎದ್ದು, ಚಾವಣಿ ಮುಟ್ಟಿ, ಕೆಳಗೆ ಬರುತ್ತಿದ್ದಳು. ಇನ್ನೊಂದು ಕಲ್ಲು, ಮತ್ತೆ ಮೇಲೆ. ಆ ಸೊಂಟ, ಡಾಕ್ಟರ ಮಾತು, ತೊಟ್ಟಿಲು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಕಾರು ನಿಲ್ಲಿಸಿ ಕೆಳಗಿಳಿದೆ. ರಸ್ತೆಯ ಪಕ್ಕ ರಿಪೇರಿಗೆಂದು ಸುರಿದಿದ್ದ ಜಲ್ಲಿಯ ಪಕ್ಕದಲ್ಲಿ ದಪ್ಪ ಕಲ್ಲುಗಳಿದ್ದವು. ಶಾಲನ್ನು ಸೊಂಟಕ್ಕೆ ಬಿಗಿದು, ಅವನ್ನು ಹೊತ್ತು ತಂದು ಡಿಕ್ಕಿಗೆ ಹಾಕತೊಡಗಿದೆ. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ನೋಡಿದರೆ ಅವಳು ನಗುತ್ತಿದ್ದಳು. ಬಿಳಿ ಕೂದಲು ಕೆದರಿ, ವಿಭೂತಿ ಅಳಿಸಿ, ಉಯ್ಯಾಲೆಯಿಂದ ಇಳಿದ ಹುಡುಗಿಯ ಹಾಗೆ ನಗುತ್ತಿದ್ದಳು.

"ಏನೋ ಮಾಡ್ತಾ ಇದೀಯ?"

"ನೀನು ಎಗರ್ತಾ ಇದೀಯಲ್ಲ ಅತ್ತೆ, ಸ್ವಲ್ಪ ಭಾರ ಹಾಕ್ತೀನಿ."

"ಲೇ, ಹರಕೆ ತೀರ್ತು, ಮೈ ಹಗುರ ಆಗೈತೆ. ಎಗರದೆ ಇನ್ನೇನು ಮಾಡ್ಲಿ? ಸಣ್ಣ ಹುಡುಗಿ ಆಗಿದ್ದಾಗಿಂದ ಹೊತ್ತಿದ್ದು ಈಗ ತಾನೆ ಇಳಿಸಿ ಬಂದಿದೀನಿ, ನೀನು ಮತ್ತೆ ಕಲ್ಲು ಹೇರ್ತೀಯಾ? ತೆಗ್ದು ಬಿಸಾಕು!"

ಹೇರಿದ ಕಲ್ಲುಗಳನ್ನೆಲ್ಲ ಒಂದೊಂದಾಗಿ ತೆಗೆದು ಹಾಕಿದೆ. ಕಡೂರು ಮುಟ್ಟುವ ತನಕ ಅತ್ತೆ ಏಳುತ್ತ ಬೀಳುತ್ತ, ಪ್ರತಿ ಗುಂಡಿಗೂ ಶಿವಾ ಶಿವಾ ಎಂದು ನಗುತ್ತ ಬಂದಳು. ಮುಂದಿನ ಸೀಟಿನಲ್ಲಿ, ಸ್ಪ್ರಿಂಗಿನ ಗುಟ್ಟನ್ನು ಇನ್ನೂ ಹೊತ್ತೇ ಇದ್ದ ನನ್ನ ತಲೆಯೂ ಅಷ್ಟೇ ಸಲ ಚಾವಣಿಗೆ ಬಡಿಯಿತು. ಆದರೆ ನೀನು ಯಾವ ಭಾರ ಇಳಿಸಿ ಇಷ್ಟು ಹಗುರಾದೆ ಎಂದು ಅತ್ತೆ ನನ್ನನ್ನು ಕೇಳಲಿಲ್ಲ. ಸರ್ವಮಂಗಳ ಕೇಳುವುದರಲ್ಲಿದ್ದಳು, ಅಷ್ಟರಲ್ಲಿ ಪುಣ್ಯಕ್ಕೆ ಇನ್ನೊಂದು ಗುಂಡಿ ಬಂತು.